ತಂತಿ ತಕರಾರು: ‘ನೆಟ್ ಇಲ್ಲ ಮೇಡಂ’ ಅಂದಾಗ ಎಲ್ಲಿಂದ ಶುರು ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಮಳೆ ಹಿಡಿದಿದೆ ಅಲ್ವಾ, ಹಾಸನ, ಚಿಕ್ಕಮಗಳೂರು ಎರಡೂ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರ ಫೋನಿಗೆ ಬಿಡುವಿಲ್ಲ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಉತ್ತರ ಅರ್ಧ ಅದರೊಳಗೇ ಇದೆ.

ಪ್ರಶ್ನೆ: ಮೇಡಂ, ಬಿಸಿಎ ಮುಗಿಸಿ ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನ್ ಆಗಿ ಸೇರಿ ನಾಲ್ಕು ತಿಂಗಳಾಯಿತು. ಕೆಲಸ ಹೇಳಿಕೊಡಬೇಕಿದ್ದ ಸೀನಿಯರ್ ಬೆಂಗಳೂರಿಗೆ ಹೋಗಿಬಿಟ್ಟರು. ದಿನಕ್ಕೆ ಹತ್ತು ಸಲ ‘ನೆಟ್ ಇಲ್ಲ’ ಅಂತ ಫೋನ್ ಬರುತ್ತದೆ. ಹೋಗಿ ರೂಟರ್ ಆಫ್ ಮಾಡಿ ಆನ್ ಮಾಡುತ್ತೇನೆ. ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ಇಲ್ಲ. ಸರಿಹೋದರೂ ಯಾಕೆ ಸರಿಹೋಯಿತು ಅಂತ ಗೊತ್ತಾಗಲ್ಲ. ನೆಟ್‌ವರ್ಕಿನ ಕೆಲಸವನ್ನು ಕೇಬಲಿಂದ ಬ್ರೌಸರ್‌ವರೆಗೆ ಪದರ ಪದರವಾಗಿ ವಿಂಗಡಿಸುವ ಓಎಸ್‌ಐ ಮಾಡೆಲ್‌ನ ಏಳು ಪದರ ಬಾಯಿಪಾಠ ಇದೆ, ಆದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ನಿಂತು ನೋಡುವಾಗ ಏನೂ ಹೊಳೆಯಲ್ಲ. ಇದನ್ನು ಕಲಿಯುವುದು ಹೇಗೆ?
– ಹೆಸರು ಬೇಡ, ಹಾಸನ

ಉತ್ತರ: ‘ಯಾಕೆ ಸರಿಹೋಯಿತು ಅಂತ ಗೊತ್ತಾಗಲ್ಲ’ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಖುಷಿಯಾಯಿತು. ತುಂಬಾ ಜನಕ್ಕೆ ಆ ಪ್ರಶ್ನೆಯೇ ಬರಲ್ಲ. ಸರಿಹೋಯ್ತಾ, ನಡಿ ಕಾಫಿಗೆ ಅಂತ ಎದ್ದುಬಿಡುತ್ತಾರೆ.

ರೀಸ್ಟಾರ್ಟ್ ಮಾಡುವುದು ತಪ್ಪಲ್ಲ. ನಾನೂ ಮಾಡುತ್ತೇನೆ. ಆದರೆ ಮೊದಲು ಎರಡು ನಿಮಿಷ ಸುಮ್ನೆ ನಿಂತು ನೋಡಿ. ಸಣ್ಣ ರೂಟರ್‌ಗಳಲ್ಲಿ ಲಾಗ್ ಅನ್ನೋದು ಮೆಮೊರಿಯಲ್ಲಿ ಇರುತ್ತದೆ, ಕರೆಂಟ್ ತೆಗೆದ ತಕ್ಷಣ ಅದೂ ಹೋಯಿತು. ಕಳ್ಳ ಬಂದುಹೋದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ಯಾವ ಲೈಟ್ ಉರಿಯುತ್ತಿದೆ, ಯಾವುದು ಆರಿದೆ, ಯಾವುದು ಹುಚ್ಚೆದ್ದ ಹಾಗೆ ಮಿನುಗುತ್ತಿದೆ ಅಂತ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದುಕೊಳ್ಳಿ. ಆಮೇಲೆ ಬೇಕಾದರೆ ಸ್ವಿಚ್ ಮುಟ್ಟಿ.

ಇನ್ನು ಫೋನ್ ಬಂದಾಗ. ‘ನೆಟ್ ಇಲ್ಲ’ ಅನ್ನೋದು ‘ಹುಷಾರಿಲ್ಲ’ ಅಂದ ಹಾಗೆ. ಡಾಕ್ಟರು ಅಷ್ಟಕ್ಕೇ ಮಾತ್ರೆ ಬರೆಯುತ್ತಾರಾ? ಜ್ವರನಾ, ಹೊಟ್ಟೆನೋವಾ, ಯಾವಾಗಿಂದ, ನಿನ್ನೆ ಏನು ತಿಂದಿರಿ ಅಂತ ಕೇಳುತ್ತಾರೆ. ನೀವೂ ಕೇಳಿ. ನಿಮಗೊಬ್ಬರಿಗೇನಾ, ಪಕ್ಕದವರಿಗೂ ಇಲ್ವಾ? ಎಲ್ಲ ಸೈಟೂ ಬರಲ್ವಾ, ಒಂದೇ ಬರಲ್ವಾ? ಕೇಬಲ್ಲಾ, ವೈಫೈನಾ? ಎಷ್ಟು ಹೊತ್ತಿನಿಂದ? ಇವಕ್ಕೆ ಉತ್ತರ ಸಿಕ್ಕಿದರೆ ನೀವು ಕುರ್ಚಿಯಿಂದ ಏಳುವ ಮೊದಲೇ ಅರ್ಧ ಕಾಲೇಜು ಲೆಕ್ಕದಿಂದ ಹೊರಗೆ ಹೋಗಿರುತ್ತದೆ. ಇನ್ನೊಂದು ಪ್ರಶ್ನೆ ಇದೆ, ‘ನಿನ್ನೆಗೂ ಇವತ್ತಿಗೂ ಏನು ಬದಲಾಯಿತು?’ ಇದಕ್ಕೆ ಎಲ್ಲರೂ ‘ಏನೂ ಇಲ್ಲಪ್ಪ’ ಅನ್ನುತ್ತಾರೆ. ನಂಬಬೇಡಿ. ಕೋಣೆಗೆ ಬಣ್ಣ ಹೊಡೆಸಿರುತ್ತಾರೆ, ಬೀರು ಸರಿಸಿರುತ್ತಾರೆ, ಫ್ಯಾನಿಗೆ ಪ್ಲಗ್ ಬೇಕು ಅಂತ ಯಾವುದೋ ನೆಟ್‌ವರ್ಕ್ ಸ್ವಿಚ್‌ನ (ಹಲವು ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಅಡಾಪ್ಟರ್ ಕಿತ್ತಿರುತ್ತಾರೆ.

ಆಮೇಲೆ ಆ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಮೆಟ್ಟಿಲು. ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಹೊಡೆಯಿರಿ. ಐಪಿ ವಿಳಾಸ 169.254 ಅಂತ ಶುರುವಾದರೆ ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಯಾವ ಉತ್ತರವೂ ಬಂದಿಲ್ಲ, ವಿಂಡೋಸ್ ತಾನೇ ಒಂದು ನಂಬರ್ ಹಾಕಿಕೊಂಡು ಕೂತಿದೆ ಅಂತ ಅರ್ಥ. ಆಗ ಹೊರಗಿನ ಇಂಟರ್ನೆಟ್ಟನ್ನು ಬೈದು ಪ್ರಯೋಜನ ಇಲ್ಲ, ತೊಂದರೆ ನಿಮ್ಮ ಕಟ್ಟಡದೊಳಗೇ ಇದೆ. ಕೇಬಲ್, ಸ್ವಿಚ್, ಡಿಎಚ್‌ಸಿಪಿ ಈ ಮೂರನ್ನು ನೋಡಿ. ವಿಳಾಸ ಸರಿಯಾಗಿದ್ದರೆ ಗೇಟ್‌ವೇಗೆ, ಅಂದರೆ ಹೊರಗೆ ಹೋಗುವ ಬಾಗಿಲಾದ ರೂಟರಿಗೆ, ಪಿಂಗ್ ಮಾಡಿ (‘ಇದ್ದೀಯಾ?’ ಅಂತ ಕೂಗಿ ಉತ್ತರಕ್ಕೆ ಕಾಯುವ ಕಮಾಂಡ್ ಅದು). ಅದು ಬಂದರೆ ನಿಮ್ಮ ರೂಟರ್‌ವರೆಗೆ ದಾರಿ ಸರಿಯಿದೆ. ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್ 2009ರಲ್ಲಿ ಶುರುಮಾಡಿದ ಡಿಎನ್‌ಎಸ್ ಸರ್ವರ್‌ನ ವಿಳಾಸ, ನೆನಪಿಡಲು ಸುಲಭ ಅಂತ ಎಲ್ಲರೂ ಬಳಸುತ್ತೇವೆ. ಅದೂ ಬಂದರೆ ಹೊರಗಿನ ದಾರಿಯೂ ಸರಿ. ಈಗ ನಂಬರ್ ಬಿಟ್ಟು ಹೆಸರಿಗೆ ಪಿಂಗ್ ಮಾಡಿ. ನಂಬರಿಗೆ ಉತ್ತರ ಬಂದು, ಹೆಸರು ಕೊಟ್ಟರೆ ‘ಹೋಸ್ಟ್ ಸಿಗಲಿಲ್ಲ’ ಅಂದರೆ ಡಿಎನ್‌ಎಸ್ ಕೈಕೊಟ್ಟಿದೆ. ಹೆಸರನ್ನು ನಂಬರಾಗಿ ಮಾಡಿಕೊಡುವ ಆ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದಕ್ಕೆ ಮೊದಲು ಇದ್ದಬದ್ದ ಎಲ್ಲ ಕಂಪ್ಯೂಟರಿನ ಹೆಸರೂ ಒಂದೇ ಪಟ್ಟಿಯಲ್ಲಿ ಇರುತ್ತಿತ್ತು, ಅದನ್ನೇ ಎಲ್ಲರೂ ನಕಲು ಮಾಡಿಕೊಳ್ಳುತ್ತಿದ್ದರು.

ಹೆಸರಿಗೂ ಪಿಂಗ್ ಬಂತು, ಆದರೂ ಬ್ರೌಸರ್‌ನಲ್ಲಿ ಯಾವ ಸೈಟೂ ತೆರೆಯಲ್ಲ ಅಂದ್ರೆ? ಪ್ರಾಕ್ಸಿ, ಫೈರ್‌ವಾಲ್ ನೋಡುವ ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖು ನೋಡಿ. ತಮಾಷೆ ಅಲ್ಲ. ಹಳೇ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಓಡುತ್ತದೆ. ಆ ತಾರೀಖಿನಲ್ಲಿ ಇವತ್ತಿನ ಸೈಟಿನ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿ, ಇನ್ನೂ ಹುಟ್ಟಿಯೇ ಇರಲ್ಲ, ಬ್ರೌಸರ್ ಒಪ್ಪಲ್ಲ. ಈ ಒಂದು ಬ್ಯಾಟರಿಗೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ, ಅದೂ ಸ್ವಿಚ್ ಬದಲಾಯಿಸಿದ ಮೇಲೆ. ಅಂಗಡಿಯಲ್ಲಿ ಸಿಆರ್2032 ಅಂತ ಕೇಳಿದರೆ ಕೊಡುತ್ತಾರೆ.

ಮೆಟ್ಟಿಲು ಹತ್ತುವಾಗ ಒಂದು ಶಿಸ್ತು ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್ ಬದಲಾಯಿಸಿ, ಜೊತೆಗೇ ಐಪಿ ತಿದ್ದಿ, ಜೊತೆಗೇ ಫೈರ್‌ವಾಲ್ ಆಫ್ ಮಾಡಿದರೆ ಸರಿಹೋಗಬಹುದು, ಆದರೆ ಯಾವುದರಿಂದ ಅಂತ ದೇವರಿಗೂ ಗೊತ್ತಾಗಲ್ಲ. ಬದಲಾಯಿಸಿದ್ದರಿಂದ ಉಪಯೋಗ ಆಗಲಿಲ್ಲ ಅಂದ್ರೆ ಮೊದಲು ಅದನ್ನು ಹಿಂದಿನ ಹಾಗೇ ಮಾಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ತೊಂದರೆ ಹೊರಗೆ ಇದೆ ಅನ್ನಿಸಿದರೆ ಟ್ರೇಸ್‌ರೂಟ್ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ಅರ್ಥವಾಗಿದ್ದು ಬೆಂಗಳೂರು ಬಸ್ಸಿನಲ್ಲಿ. ನೀವು ಹಾಸನದಲ್ಲಿ ಕೂತು ಒಬ್ಬ ಹುಡುಗನಿಗೆ ಚನ್ನರಾಯಪಟ್ಟಣದವರೆಗೆ ಮಾತ್ರ ಟಿಕೆಟ್ ಕೊಟ್ಟು ಕಳಿಸುತ್ತೀರಿ ಅಂತ ಇಟ್ಟುಕೊಳ್ಳಿ. ಅಲ್ಲಿ ಟಿಕೆಟ್ ಮುಗಿಯಿತು ಅಂತ ಅವನನ್ನು ಇಳಿಸುತ್ತಾರೆ. ಇಳಿಸಿದ ಸ್ಟ್ಯಾಂಡಿನವರು ನಿಮಗೆ ಫೋನ್ ಮಾಡಿ ‘ನಿಮ್ಮ ಹುಡುಗ ಇಲ್ಲಿ ಇಳಿದ’ ಅನ್ನುತ್ತಾರೆ. ಎರಡನೆಯವನಿಗೆ ಹಿರೀಸಾವೆವರೆಗೆ ಟಿಕೆಟ್, ಮೂರನೆಯವನಿಗೆ ಬೆಳ್ಳೂರು ಕ್ರಾಸ್, ಆಮೇಲೆ ಕುಣಿಗಲ್, ನೆಲಮಂಗಲ. ಹೀಗೆ ದಾರಿಯ ಪ್ರತಿ ಸ್ಟಾಪಿನ ಹೆಸರೂ ನಿಮ್ಮ ಕೈಗೆ ಬರುತ್ತದೆ. ನೆಟ್‌ನಲ್ಲಿ ಮಾಹಿತಿ ಓಡುವುದು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ. ಪ್ಯಾಕೆಟ್ಟಿನ ಮೇಲೆ ಟಿಟಿಎಲ್ ಅಂತ ಒಂದು ಅಂಕಿ ಇರುತ್ತದೆ, ಅದೇ ಈ ಟಿಕೆಟ್. ಪ್ರತಿ ರೂಟರೂ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆ ಆದಲ್ಲಿ ಪ್ಯಾಕೆಟ್ಟನ್ನು ಬಿಸಾಕಿ, ಕಳಿಸಿದವರಿಗೆ ವಾಪಸ್ ಸುದ್ದಿ ಕೊಡುತ್ತದೆ. ಪ್ಯಾಕೆಟ್ ದಾರಿ ತಪ್ಪಿ ಸುತ್ತುತ್ತಲೇ ಇರಬಾರದು ಅಂತ ಇಟ್ಟ ಅಂಕಿ ಅದು. ಅದನ್ನೇ ದಾರಿ ಹುಡುಕುವ ಸಾಧನ ಮಾಡಿಕೊಂಡವರು ವ್ಯಾನ್ ಜೇಕಬ್ಸನ್, 1980ರ ದಶಕದ ಕೊನೆಯಲ್ಲಿ.

ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ನಡುವೆ ಎಲ್ಲೋ ನಕ್ಷತ್ರದ ಗುರುತು ಬಂದರೆ ‘ಇಲ್ಲೇ ಕೆಟ್ಟಿದೆ’ ಅಂತ ಕಂಪನಿಗೆ ಫೋನ್ ಮಾಡಿ ಜಗಳ ಮಾಡುತ್ತಾರೆ. ಆ ಸ್ಟ್ಯಾಂಡಿನವರಿಗೆ ನಿಮಗೆ ಫೋನ್ ಮಾಡುವ ಇಷ್ಟ ಇಲ್ಲ, ಅಷ್ಟೇ. ಬಸ್ಸು ಮುಂದೆ ಹೋಗುತ್ತಲೇ ಇರುತ್ತದೆ. ನಕ್ಷತ್ರದ ಆಚೆಗಿನ ಸ್ಟಾಪುಗಳು ಕಾಣುತ್ತಿದ್ದರೆ ನಕ್ಷತ್ರವನ್ನು ಮರೆತುಬಿಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ, ಕಲಿಯುವುದು ಹೇಗೆ. ನೀವು ನೆಟ್‌ವರ್ಕನ್ನು ನೋಡುತ್ತಿರುವುದು ಅದು ಕೆಟ್ಟಾಗ ಮಾತ್ರ. ಸುತ್ತ ಹತ್ತು ಜನ, ಪ್ರಿನ್ಸಿಪಾಲರ ಫೋನು, ಅಂಥ ಹೊತ್ತಿನಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ? ಎಲ್ಲ ಸರಿಯಿರುವ ದಿನ, ಶನಿವಾರ ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಹೋಗಿ ನೋಡಿ. ಇನ್ನೂರು ಪುಟದ ಒಂದು ಲಾಂಗ್ ಬುಕ್ ತೆಗೆದುಕೊಳ್ಳಿ. ಗೇಟ್‌ವೇಗೆ ಪಿಂಗ್ ಎಷ್ಟು ಮಿಲಿಸೆಕೆಂಡ್? ಬರೆಯಿರಿ. 8.8.8.8ಕ್ಕೆ ಎಷ್ಟು? ಬರೆಯಿರಿ. ಟ್ರೇಸ್‌ರೂಟ್ ಎಷ್ಟು ಸ್ಟಾಪು, ನಕ್ಷತ್ರ ಎಲ್ಲಿ? ಯಾವ ಸ್ವಿಚ್ಚಿನ ಯಾವ ಪೋರ್ಟು ಯಾವ ಕೋಣೆಗೆ ಹೋಗುತ್ತದೆ? ಇದನ್ನು ಬರೆಯಲು ಎರಡು ಮೂರು ಶನಿವಾರ ಹಿಡಿಯುತ್ತದೆ, ಏಣಿ ಹತ್ತಬೇಕಾಗುತ್ತದೆ, ಫಾಲ್ಸ್ ಸೀಲಿಂಗಿನ ಧೂಳು ಕಣ್ಣಿಗೆ ಬೀಳುತ್ತದೆ. (ನಾನು ಏಣಿ ಹತ್ತುವಾಗ ‘ಮೇಡಂ, ಅಟೆಂಡರ್ ಕರೀತೀವಿ ಇರಿ’ ಅನ್ನುವವರು ಈಗಲೂ ಇದ್ದಾರೆ. ಕರೆಯಲಿ, ಏಣಿ ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು.) ಆದರೆ ಚೆನ್ನಾಗಿದ್ದಾಗ ಹೇಗಿತ್ತು ಅಂತ ಬರೆದಿಟ್ಟುಕೊಂಡವರಿಗೆ ಕೆಟ್ಟ ದಿನ ಒಂದೇ ಕೆಲಸ. ಪುಸ್ತಕ ತೆಗೆದು ಯಾವ ಸಾಲು ಬೇರೆಯಾಗಿದೆ ಅಂತ ನೋಡಿದರೆ ಆಯಿತು.

ಏಳು ಪದರ ಬಾಯಿಪಾಠ ಆಗಿದ್ದು ದಂಡ ಅಲ್ಲ ಬಿಡಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿಕೊಳ್ಳಿ. ಲೈಟ್ ಉರಿಯುತ್ತಿದೆಯಾ ಅನ್ನುವುದು ಒಂದನೇ ಪದರ. ನಾಚಿಕೆ ಪಟ್ಟುಕೊಳ್ಳದೆ ಅಲ್ಲಿಂದಲೇ ಶುರು ಮಾಡಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಸುಮಾರು ಅರವತ್ತು ಕಂಪ್ಯೂಟರ್ ಇವೆ. ಎರಡು ವಾರದಿಂದ ವಿಚಿತ್ರ ಕಾಟ. ಬೆಳಿಗ್ಗೆ ಒಂಬತ್ತಕ್ಕೆ ಬಂದವರಿಗೆ ನೆಟ್ ಇರುತ್ತದೆ, ಹತ್ತೂವರೆಗೆ ಬಂದವರಲ್ಲಿ ಕೆಲವರಿಗೆ ಇಲ್ಲ. ಇವತ್ತು ಇಲ್ಲದವರಿಗೆ ನಾಳೆ ಇರುತ್ತದೆ. ಸರ್ವರ್, ಸ್ವಿಚ್ ಎಲ್ಲ ರೀಸ್ಟಾರ್ಟ್ ಮಾಡಿ ನೋಡಿದ್ದಾಯಿತು. ನನ್ನ ಕಡೆಯಿಂದ ಏನು ತಪ್ಪಾಗುತ್ತಿದೆ?
– ಚಿಕ್ಕಮಗಳೂರಿನ ಓದುಗರು

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ಇದೇ ಕಾಟಕ್ಕೆ ನಾನು ಹಿಂದೆ ಒಂದು ಕಡೆ ಕೆಲಸ ಮಾಡುವಾಗ ಮೂರು ದಿನ ಅತ್ತಿದ್ದೆ. ಎಲ್ಲಿ ಅಂತ ಕೇಳಬೇಡಿ.

ಅಲ್ಲಿ ನಮ್ಮ ವಿಳಾಸಗಳೆಲ್ಲ 10.10.4 ಅಂತ ಶುರುವಾಗಬೇಕಿತ್ತು. ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ನೋಡಿದರೆ 192.168.0.105. ಕೇಬಲ್ ಸರಿ, ಲೈಟ್ ಹಸಿರು, ಗೇಟ್‌ವೇ ಪಿಂಗ್ ಕೂಡ ಬರುತ್ತಿದೆ. ಆದರೆ ಆ ಗೇಟ್‌ವೇ 192.168.0.1, ಅದು ನಮ್ಮದೇ ಅಲ್ಲ! ನಾನು ಮೊದಲ ಎರಡು ದಿನ ‘ಗೇಟ್‌ವೇ ಬರುತ್ತಿದೆ, ಹಾಗಾದರೆ ಹೊರಗಿನ ತೊಂದರೆ’ ಅಂತ ಕಂಪನಿಯವರಿಗೆ ಬೈದೆ. ನಂಬರನ್ನೇ ಸರಿಯಾಗಿ ಓದಿರಲಿಲ್ಲ.

ಮೂರನೇ ದಿನ ಐಪಿಕಾನ್ಫಿಗ್ /ಆಲ್ ಹೊಡೆದೆ. ಅದರಲ್ಲಿ ಡಿಎಚ್‌ಸಿಪಿ ಸರ್ವರ್ ಅಂತ ಒಂದು ಸಾಲು ಬರುತ್ತದೆ, ಈ ವಿಳಾಸ ಕೊಟ್ಟ ಪುಣ್ಯಾತ್ಮ ಯಾರು ಅಂತ. ಅಲ್ಲೂ 192.168.0.1. ಆಗ ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಯಂತ್ರದ್ದು ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಪಟ್ಟಿ) ತೆಗೆದು ಆ ವಿಳಾಸದ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರದ ಸ್ವಂತ ಗುರುತಿನ ನಂಬರ್, ಬರೆದುಕೊಂಡೆ. ಮ್ಯಾಕ್ ಅಡ್ರೆಸ್ಸಿನ ಮೊದಲ ಅರ್ಧ ನೋಡಿದರೆ ಯಾವ ಕಂಪನಿ ತಯಾರಿಸಿದ್ದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ನೋಡಿದರೆ ಮನೆಗೆ ಹಾಕಿಸಿಕೊಳ್ಳುವ ವೈಫೈ ರೂಟರ್ ಮಾಡುವ ಕಂಪನಿ. ನಮ್ಮ ಆಫೀಸಿನಲ್ಲಿ ಆ ಕಂಪನಿಯ ಒಂದು ಸಾಮಾನೂ ಇರಲಿಲ್ಲ. ಇನ್ನು ಸ್ವಿಚ್‌ನೊಳಗೆ ಹೋಗಿ ಮ್ಯಾಕ್ ಟೇಬಲ್ ನೋಡಿದೆ, ಹದಿನೇಳನೇ ಪೋರ್ಟು. ಆ ಪೋರ್ಟಿನ ಕೇಬಲ್ ಎಲ್ಲಿಗೆ ಹೋಗುತ್ತದೆ? ಲೇಬಲ್ ಇತ್ತು, ಆದರೆ ಇಂಕು ಮಾಸಿ ಏನೂ ಕಾಣುತ್ತಿರಲಿಲ್ಲ. (ಲಾಂಗ್ ಬುಕ್ ಅಂತ ಮೇಲೆ ಬರೆದೆನಲ್ಲ, ಅದು ನನಗೆ ಹುಟ್ಟಿನಿಂದ ಬಂದ ಬುದ್ಧಿ ಅಲ್ಲ.) ಕೊನೆಗೆ ಒಂದು ಲ್ಯಾಪ್‌ಟಾಪಿನಲ್ಲಿ ಆ ಕಳ್ಳ ವಿಳಾಸಕ್ಕೆ ನಿಲ್ಲದ ಪಿಂಗ್ ಹಾಕಿ, ಹದಿನೇಳನೇ ಕೇಬಲ್ ಕಿತ್ತೆ. ಪಿಂಗ್ ನಿಂತಿತು. ಐದು ನಿಮಿಷ ಕಾದೆ. ಮೊದಲನೇ ಮಹಡಿಯಿಂದ ಒಬ್ಬರು ಇಳಿದು ಬಂದು, ‘ಈಗ ತಾನೇ ನನ್ನ ವೈಫೈ ಹೋಯ್ತು’ ಅಂದರು.

ಅವರ ಕೋಣೆಗೆ ಹೋದೆ. ಬೀರುವಿನ ಹಿಂದೆ, ಹಳೇ ಫೈಲುಗಳ ಮೇಲೆ ಒಂದು ಬಿಳಿ ರೂಟರ್ ಕೂತಿತ್ತು. ಮೊಬೈಲಿಗೆ ಸಿಗ್ನಲ್ ಸಿಗಲ್ಲ ಅಂತ ಮನೆಯಿಂದ ತಂದಿದ್ದಾರೆ. ಗೋಡೆಯಿಂದ ಬರುವ ಕೇಬಲನ್ನು ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿಗೆ ಹಾಕುವ ಬದಲು ಪಕ್ಕದ ಲ್ಯಾನ್ (ಒಳಗಿನ ಕಂಪ್ಯೂಟರ್‌ಗಳ) ಪೋರ್ಟಿಗೆ ಹಾಕಿದ್ದಾರೆ. ಅಷ್ಟು ಸಾಕು, ಆ ಪೆಟ್ಟಿಗೆ ಇಡೀ ಆಫೀಸಿಗೆ ವಿಳಾಸ ಹಂಚಲು ಶುರುಮಾಡಿತು.

ಯಾಕೆ ಹೀಗಾಗುತ್ತದೆ ಅಂದ್ರೆ, ಕಂಪ್ಯೂಟರ್ ಆನ್ ಆದಾಗ ‘ನನಗೊಂದು ವಿಳಾಸ ಕೊಡಿ’ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಕೇಳಿಸಿಕೊಂಡ ಸರ್ವರ್ ‘ಇಗೋ ತಗೋ’ ಅನ್ನುತ್ತದೆ. ಕಂಪ್ಯೂಟರ್ ‘ಆಯ್ತು, ಅದೇ ಇರಲಿ’ ಅನ್ನುತ್ತದೆ. ಸರ್ವರ್ ‘ಬರೆದುಕೊಂಡೆ’ ಅನ್ನುತ್ತದೆ. ನಾಲ್ಕೇ ಮಾತು. ಇಬ್ಬರು ಸರ್ವರ್‌ಗಳಿದ್ದರೆ ಸಾಮಾನ್ಯವಾಗಿ ಯಾರ ಉತ್ತರ ಮೊದಲು ಬರುತ್ತದೋ ಅದಕ್ಕೇ ಒಪ್ಪಿಗೆ. ನಿಮ್ಮಲ್ಲಿ ಹತ್ತು ಗಂಟೆಗೆ ಬರುವ ಯಾರೋ ತಮ್ಮ ಕೋಣೆಯ ಕರೆಂಟ್ ಸ್ವಿಚ್ ಹಾಕುತ್ತಿದ್ದಾರೆ, ರೂಟರ್ ಎದ್ದು ಕೂರುತ್ತಿದೆ ಅಂತ ನನ್ನ ಊಹೆ. ಒಂಬತ್ತಕ್ಕೆ ಬಂದವರು ಅಷ್ಟರಲ್ಲಿ ಸರಿಯಾದ ಸರ್ವರ್‌ನಿಂದ ವಿಳಾಸ ತೆಗೆದುಕೊಂಡು ಬಚಾವ್. ಹಾಗಾಗಿ ಸರ್ವರ್ ರೀಸ್ಟಾರ್ಟ್ ಮಾಡಿ ಫಲ ಇಲ್ಲ.

ಕಳ್ಳ ಸಿಕ್ಕಮೇಲೆ ಜಗಳ ಮಾಡಬೇಡಿ. ಪಾಪ, ಅವರಿಗೆ ಸಿಗ್ನಲ್ ಬೇಕಿತ್ತು. ಒಂದು ಸರಿಯಾದ ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡುವ ಪೆಟ್ಟಿಗೆ) ಹಾಕಿಸಿಕೊಡಿ. ನಿಮ್ಮ ಸ್ವಿಚ್ ಸ್ವಲ್ಪ ಒಳ್ಳೆಯದಾಗಿದ್ದರೆ ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅಂತ ಒಂದು ಸೌಲಭ್ಯ ಇರುತ್ತದೆ. ಸರ್ವರ್ ಇರುವ ಪೋರ್ಟಿಂದ ಬಂದ ವಿಳಾಸಕ್ಕೆ ಮಾತ್ರ ದಾರಿ, ಬೇರೆ ಪೋರ್ಟಿಂದ ಯಾರು ಹಂಚಿದರೂ ಅಲ್ಲೇ ತಡೆ. ಆನ್ ಮಾಡುವ ಮೊದಲು ಸರ್ವರ್ ಇರುವ ಪೋರ್ಟನ್ನೂ, ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗುವ ಪೋರ್ಟನ್ನೂ ನಂಬಿಕೆಯ ಪಟ್ಟಿಗೆ ಸೇರಿಸಿ. ಮರೆತರೆ ಹೊಸದಾಗಿ ಯಾರಿಗೂ ವಿಳಾಸ ಸಿಗಲ್ಲ, ಆಗ ಇಡೀ ಆಫೀಸು ನಿಮ್ಮ ಮೇಜಿನ ಮುಂದೆ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಹೋಂಸ್ಟೇ. ಫೈಬರ್ ಹಾಕಿಸಿದ್ದೇವೆ. ಜೋರು ಮಳೆ ಬಂದರೆ ನೆಟ್ ಹೋಗುತ್ತದೆ, ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಬರುತ್ತದೆ. ಹೋದ ಬೇಸಿಗೆಯಲ್ಲಿ ಸಿಡಿಲಿಗೆ ಎರಡು ಸ್ವಿಚ್ ಸುಟ್ಟವು. ಫೈಬರಿಗೂ ಸಿಡಿಲು ಹೊಡೆಯುತ್ತದಾ?
– ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ಫೈಬರ್ ಅಂದ್ರೆ ಗಾಜಿನ ಎಳೆ, ಅದರೊಳಗೆ ಓಡುವುದು ಬೆಳಕು. ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಸಿಡಿಲು ಬಂದಿದ್ದು ಬೇರೆ ದಾರಿಯಲ್ಲಿ. ಒಂದು ಕರೆಂಟಿನ ಲೈನ್. ಇನ್ನೊಂದು, ಮನೆಯಿಂದ ಕಾಟೇಜಿಗೆ ಬಯಲಲ್ಲಿ ಎಳೆದಿರುವ ಮಾಮೂಲಿ ತಾಮ್ರದ ಲ್ಯಾನ್ ಕೇಬಲ್. ಪತ್ರದಲ್ಲಿ ನೀವು ಬರೆದಿಲ್ಲ, ಆದರೆ ಎರಡು ಸ್ವಿಚ್ ಒಟ್ಟಿಗೆ ಸುಟ್ಟಿವೆ ಅಂದ್ರೆ ಅವೆರಡರ ನಡುವೆ ಅಂಥ ಕೇಬಲ್ ಇದೆ ಅಂತ ಅನುಮಾನ. ಅದನ್ನು ತೆಗೆದು ಅಲ್ಲಿಗೂ ಫೈಬರ್ ಹಾಕಿಸಿ, ಒಳಗೆ ಲೋಹದ ತಂತಿ ಇಲ್ಲದ್ದು ಕೇಳಿ ತೆಗೆದುಕೊಳ್ಳಿ. ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲನ್ನೂ ಕೀಳಬೇಕು.

ಕೆಂಪು ಲೈಟ್ ಅಂದ್ರೆ ಆಚೆಯಿಂದ ಬೆಳಕು ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ಮರದ ಕೊಂಬೆ ಬಿದ್ದು ಕೇಬಲ್ ಬಾಗಿದರೂ ಬೆಳಕು ಸೋರುತ್ತದೆ, ಕೂಡಿಸಿದ ಜಾಗದ ಡಬ್ಬಿಗೆ ನೀರು ಹೋದರೂ ತೊಂದರೆ. ನಿಮ್ಮ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಅಂಕಿ ಕಾಣುತ್ತದೆ, ಬರುತ್ತಿರುವ ಬೆಳಕಿನ ಬಲ ಅದು, ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಬಂದರೆ ಅಂಚಿನಲ್ಲಿದ್ದೀರಿ. ಮೂರು ಅಂಕಿ ಇಳಿದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ. ಬಿಸಿಲಿರುವ ದಿನ ಒಮ್ಮೆ, ಮಳೆ ದಿನ ಒಮ್ಮೆ ಬರೆದಿಡಿ. ‘ನೆಟ್ ಸ್ಲೋ’ ಅಂದರೆ ಲೈನ್‌ಮ್ಯಾನ್ ಬರುವುದು ಮೂರು ದಿನಕ್ಕೆ. ‘ಬಿಸಿಲಲ್ಲಿ ಮೈನಸ್ 21 ಇತ್ತು, ಮಳೇಲಿ 27 ಆಗಿದೆ, ಎಲ್ಲೋ ಜಾಯಿಂಟ್ ಹೋಗಿದೆ’ ಅಂದು ನೋಡಿ, ಮಾತೇ ಬೇರೆ ಆಗುತ್ತದೆ. ಕಿತ್ತ ಫೈಬರಿನ ತುದಿಯನ್ನು ಮಾತ್ರ ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣಲ್ಲ, ಕಾಣದಿದ್ದರೂ ಇರುತ್ತದೆ.

ಪ್ರಶ್ನೆ: ಹೊಸ ಸ್ವಿಚ್ ಗಿಗಾಬಿಟ್, ಕಂಪ್ಯೂಟರೂ ಗಿಗಾಬಿಟ್. ಆದರೆ ಒಂದು ಕೋಣೆಯಲ್ಲಿ ಮಾತ್ರ 100 ಎಂಬಿಪಿಎಸ್ ತೋರಿಸುತ್ತದೆ. ನೆಟ್ ಬರುತ್ತದೆ, ಫೈಲ್ ಕಾಪಿ ಮಾತ್ರ ಆಮೆ.
– ಬೇಲೂರಿನ ಓದುಗರು

ಉತ್ತರ: ಕೇಬಲಿನ ಎರಡೂ ತುದಿಯ ಕ್ಲಿಪ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ (ಇಕ್ಕಳದಿಂದ ಹೊಸ ಕ್ಲಿಪ್ ಒತ್ತಿ ಕೂರಿಸಿ). 100 ಎಂಬಿಪಿಎಸ್‌ಗೆ ಎಂಟು ಎಳೆಯಲ್ಲಿ ನಾಲ್ಕು ಸಾಕು, 1, 2, 3 ಮತ್ತು 6. ಗಿಗಾಬಿಟ್‌ಗೆ ಎಂಟೂ ಬೇಕು. ನಿಮ್ಮದರಲ್ಲಿ ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕೂತಿಲ್ಲ ಅನ್ನಿಸುತ್ತದೆ. ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆಯನ್ನು ಒಂದೇ ಸಮ ಕತ್ತರಿಸಿ, ಕ್ಲಿಪ್ಪಿನ ತುದಿಯ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ತಾಮ್ರದ ಎಂಟು ಚುಕ್ಕಿ ಕಾಣುವವರೆಗೆ ಒತ್ತಿ, ಆಮೇಲೆ ಕ್ರಿಂಪ್. ಆಮೇಲೂ 100 ಅಂದರೆ ಕೇಬಲ್ ಎಷ್ಟು ಉದ್ದ ಎಳೆದಿದ್ದಾರೆ ಅಂತ ಕೇಳಿ, ನೂರು ಮೀಟರ್ ದಾಟಬಾರದು. ಗೋಡೆಯೊಳಗೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಬೇಲೂರಿನಲ್ಲಿ ಇಲಿ ಕಡಿಮೆ ಅಂತ ನಾನಂತೂ ಕೇಳಿಲ್ಲ.

ಪ್ರಶ್ನೆ: ಪಿಂಗ್ ಅಂದ್ರೆ ಏನು ಮೇಡಂ, ಯಾಕೆ ಆ ಹೆಸರು? ಅದರಲ್ಲಿ ಬರುವ ಮಿಲಿಸೆಕೆಂಡ್ ಎಷ್ಟಿದ್ದರೆ ಒಳ್ಳೆಯದು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಅಮೆರಿಕದ ಮೈಕ್ ಮೂಸ್ ಅನ್ನುವವರು 1983ರ ಡಿಸೆಂಬರ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. ಸಬ್‌ಮರೀನ್‌ನಲ್ಲಿ ಸದ್ದು ಕಳಿಸಿ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅಂತ ಕೇಳುತ್ತಾರಲ್ಲ, ಆ ಸದ್ದಿನ ಹೆಸರನ್ನೇ ಇಟ್ಟರು.

ಎಷ್ಟಿದ್ದರೆ ಒಳ್ಳೆಯದು ಅನ್ನೋದು ಎಷ್ಟು ದೂರ ಅನ್ನುವುದರ ಮೇಲೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ., ಹೋಗಿ ಬರಲು ಎರಡು ಮಿಲಿಸೆಕೆಂಡೂ ಬೇಡ. ಕೇಬಲ್ ಸುತ್ತು ಬಳಸಿ ಹೋಗುತ್ತದೆ, ನಡುವೆ ರೂಟರ್‌ಗಳು ಇವೆ, ಅದಕ್ಕೇ ಜಾಸ್ತಿ ಆಗುತ್ತದೆ. ಈಗ ನಿಮ್ಮ ಊರಿನದೇ ಇನ್ನೊಂದು ಲೆಕ್ಕ ನೋಡಿ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ, ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅಂಥ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಅದರ ಮೂಲಕ ಇಂಟರ್ನೆಟ್ ಬಂದರೆ ನಿಮ್ಮ ಪಿಂಗ್ ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಮೇಲೆ ಹೋಗಿ ಕೆಳಗೆ ಬರಬೇಕು. ನಾಲ್ಕು ಸಲ 36,000. ಬೆಳಕಿನ ವೇಗದಲ್ಲೇ ಹೋದರೂ ಸುಮಾರು 480 ಮಿಲಿಸೆಕೆಂಡ್. ಯಾವ ಅಡ್ಮಿನ್ ಬಂದರೂ ಅದನ್ನು ಕಡಿಮೆ ಮಾಡಲು ಆಗಲ್ಲ. ಹಾಗಾಗಿ ಅಂಕಿ ಮಾತ್ರ ನೋಡಬೇಡಿ, ಅಂಕಿ ಕುಣಿಯುತ್ತಿದೆಯಾ ನೋಡಿ. ಯಾವಾಗಲೂ 40 ಇದ್ದರೆ ಚಿಂತೆ ಇಲ್ಲ. 8, 9, 300, 8, 450 ಅಂತ ಹಾರಿದರೆ ಎಲ್ಲೋ ಇಕ್ಕಟ್ಟಾಗಿದೆ.

ಪ್ರಶ್ನೆ: ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಪರೀಕ್ಷೆ ಸಿಸಿಎನ್‌ಎ ಮಾಡಲೇಬೇಕಾ? ಕೋರ್ಸಿಗೆ ಬೆಂಗಳೂರಿಗೆ ಹೋಗಲು ದುಡ್ಡಿಲ್ಲ.
– ಅರಸೀಕೆರೆಯ ಓದುಗರು

ಉತ್ತರ: ಮಾಡಿದರೆ ಇಂಟರ್‌ವ್ಯೂನಲ್ಲಿ ಬಾಗಿಲು ತೆರೆಯುತ್ತದೆ, ಅದು ನಿಜ. ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ಪಠ್ಯ ಮನೆಯಲ್ಲೇ ಓದಬಹುದು. ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಅನ್ನುವ ಪ್ರೋಗ್ರಾಂ ಉಚಿತ, ಅದರಲ್ಲಿ ಪರದೆಯ ಮೇಲೇ ಇಡೀ ಆಫೀಸು ಕಟ್ಟಿ, ಕೆಡಿಸಿ, ಸರಿಮಾಡಬಹುದು. ಗೆಳೆಯನಿಗೆ ಹೇಳಿ, ನೀವು ನೋಡದಿರುವಾಗ ಒಂದು ತಪ್ಪು ಮಾಡಿಡಲಿ, ನೀವು ಹುಡುಕಿ. ವೈರ್‌ಶಾರ್ಕ್ ಹಾಕಿಕೊಳ್ಳಿ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಇಥಿರಿಯಲ್ ಅಂತ ಬೇರೆ ಹೆಸರಲ್ಲಿ ಬಿಟ್ಟದ್ದು, 2006ರಿಂದ ಈ ಹೆಸರು. ಅದೂ ಉಚಿತ. ತಂತಿಯಲ್ಲಿ ಓಡುವ ಪ್ರತಿ ಪ್ಯಾಕೆಟ್ಟನ್ನೂ ಬಿಚ್ಚಿ ತೋರಿಸುತ್ತದೆ. ಮೊದಲ ದಿನ ತಲೆ ಸುತ್ತುತ್ತದೆ. ಫಿಲ್ಟರ್ ಜಾಗದಲ್ಲಿ ಡಿಎಚ್‌ಸಿಪಿ ಅಂತ ಮಾತ್ರ ಹಾಕಿ, ಐಪಿಕಾನ್ಫಿಗ್ /ರಿಲೀಸ್, ಆಮೇಲೆ ಐಪಿಕಾನ್ಫಿಗ್ /ರಿನ್ಯೂ ಹೊಡೆದು ನೋಡಿ. ಮೇಲೆ ಹೇಳಿದ ಆ ಮಾತುಕತೆ ಸಾಲಾಗಿ ಕಣ್ಣಮುಂದೆ ಬರುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಮಾಡಿ, ಆಫೀಸಿನಲ್ಲಾದರೆ ಕೇಳಿಕೊಂಡು ಮಾಡಿ. ಬೇರೆಯವರ ಪ್ಯಾಕೆಟ್ ಇಣುಕುವುದು ಬೇರೆಯವರ ಕಾಗದ ಒಡೆದು ಓದಿದ ಹಾಗೇ.

ಪ್ರಶ್ನೆ: ನಮ್ಮ ಬಾಸ್ ಏನೇ ಕೆಟ್ಟರೂ ‘ಡಿಎನ್‌ಎಸ್ ಇರಬೇಕು’ ಅನ್ನುತ್ತಾರೆ. ನಿಜನಾ?
– ಕಡೂರಿನ ಓದುಗರು

ಉತ್ತರ: ಅರ್ಧ ಸಲ ಅವರು ಗೆಲ್ಲುತ್ತಾರೆ, ಅದೇ ಕಷ್ಟ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತಿದ್ದು ನೆನಪಿದೆಯಾ? ಹೊರಗಿನಿಂದ ನೋಡಿದವರಿಗೆ ಡಿಎನ್‌ಎಸ್ ಉತ್ತರ ಕೊಡುತ್ತಿಲ್ಲ ಅಂತಲೇ ಕಂಡಿತು. ನಿಜವಾಗಿ ಆಗಿದ್ದೇನೆಂದರೆ, ರಿಪೇರಿ ಕೆಲಸದ ಒಂದು ಕಮಾಂಡ್ ಅವರ ಡೇಟಾ ಸೆಂಟರುಗಳ ನಡುವಿನ ಜಾಲವನ್ನೇ ಕಡಿದು ಹಾಕಿತು. ಅದನ್ನು ಕಂಡ ಡಿಎನ್‌ಎಸ್ ಸರ್ವರ್‌ಗಳು ‘ನಮಗೇ ಏನೋ ಆಗಿದೆ’ ಅಂತ ತಿಳಿದು, ‘ನಮ್ಮ ಹತ್ತಿರ ಬರುವ ದಾರಿ ಇದು’ ಅಂತ ಇಂಟರ್ನೆಟ್ಟಿಗೆ ಸಾರುವುದನ್ನು ನಿಲ್ಲಿಸಿದವು. ಹಾಗೆ ಸಾರುವ ವ್ಯವಸ್ಥೆಗೆ ಬಿಜಿಪಿ ಅಂತ ಹೆಸರು. ಡಿಎನ್‌ಎಸ್ ಸತ್ತಿರಲಿಲ್ಲ, ಅದರ ಮನೆಗೆ ಹೋಗುವ ದಾರಿಯೇ ನಕ್ಷೆಯಿಂದ ಅಳಿಸಿಹೋಗಿತ್ತು. ಅವರ ಎಂಜಿನಿಯರ್‌ಗಳಿಗೂ ದೂರದಿಂದ ಒಳಗೆ ಹೋಗಲು ಆಗಲಿಲ್ಲ. ಡೇಟಾ ಸೆಂಟರಿಗೆ ಜನ ಕಳಿಸಿ ಸರಿಮಾಡಬೇಕಾಯಿತು.

ಹಾಗಾಗಿ ಬಾಸ್‌ಗೆ ‘ಇರಬಹುದು ಸಾರ್’ ಅನ್ನಿ, ಆಮೇಲೆ ಹೆಸರಿನ ನಂಬರ್ ಏನು ಅಂತ ಡಿಎನ್‌ಎಸ್‌ಗೆ ಕೇಳುವ ಎನ್‌ಎಸ್‌ಲುಕಪ್ ಕಮಾಂಡ್ ಹೊಡೆದು ನಿಮ್ಮ ಡಿಎನ್‌ಎಸ್ ಸರ್ವರನ್ನು ಒಮ್ಮೆ ಕೇಳಿ, 8.8.8.8ನ್ನು ಒಮ್ಮೆ ಕೇಳಿ. ಎರಡೂ ಒಂದೇ ಉತ್ತರ ಕೊಟ್ಟರೆ ಬಾಸ್ ಸೋತರು. ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ನೆಟ್‌ವರ್ಕಿನ ನಕ್ಷೆ, ವಿಳಾಸಗಳು, ಇಂಟರ್ನೆಟ್ ಕಂಪನಿಯ ದೂರಿನ ನಂಬರು ಎಲ್ಲ ಸರ್ವರ್‌ನ ಯಾವುದೋ ಫೋಲ್ಡರಿನಲ್ಲಿ ಇವೆ ತಾನೇ? ಒಂದು ಪ್ರಿಂಟ್ ತೆಗೆದು ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ.